ಕೋವಿ ಬಿಟ್ಟ ಗುರುತು ಓದುವ ವೃತ್ತಿ: ಪುತ್ತೂರು, ಸುಳ್ಯ, ಕಡಬದ ವಿದ್ಯಾರ್ಥಿಗಳಿಗೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಕೋವಿ ಅಪರೂಪದ ವಸ್ತುವಲ್ಲ. ಹಗಲು ತೋಟಕ್ಕೆ ಮಂಗಗಳ ಹಿಂಡು ಇಳಿಯುತ್ತದೆ, ರಾತ್ರಿ ಕಾಡುಹಂದಿ ಬರುತ್ತದೆ, ಕಾಡಂಚಿನ ಮನೆಗಳಿಗೆ ಆನೆಯ ಭಯವೂ ಇದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದದ್ದುಂಟು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕೋ ಬೇಡವೋ ಎಂಬ ಮಾತು ಪೇಟೆಯಲ್ಲೂ ತೋಟದಲ್ಲೂ ಏಳುತ್ತದೆ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆಯೇ ಸಲ್ಲುತ್ತದೆ. ಕೋವಿಯನ್ನು ಇಷ್ಟು ಹತ್ತಿರದಿಂದ ಬಲ್ಲ ಈ ಸೀಮೆಯಲ್ಲಿ, ಕೋವಿಯನ್ನೇ ನೆಚ್ಚಿದ ಒಂದು ವೃತ್ತಿಯ ಬಗ್ಗೆ ಮಾತ್ರ ಮಾತು ಕೇಳಿಸುವುದು ಕಡಿಮೆ. ಗುಂಡು ಹಾರಿದ ಮೇಲೆ ಉಳಿಯುವ ಸೀಸ, ಹಿತ್ತಾಳೆ, ಮಸಿಯನ್ನು ಪರೀಕ್ಷಿಸಿ ನ್ಯಾಯಾಲಯಕ್ಕೆ ಉತ್ತರ ಹೇಳುವವರ ವೃತ್ತಿ ಅದು. ಪತ್ರಿಕೆಗಳು ಅವರನ್ನು ಬ್ಯಾಲಿಸ್ಟಿಕ್ಸ್ ತಜ್ಞರು ಎನ್ನುತ್ತವೆ. ಪ್ರಯೋಗಾಲಯದ ಭಾಷೆಯಲ್ಲಿ ಅವರು ಬಂದೂಕು ಮತ್ತು ಉಪಕರಣ ಗುರುತುಗಳ ಪರೀಕ್ಷಕರು.

ವಿಜ್ಞಾನದಲ್ಲಿ ಪಿಯುಸಿ ಮುಗಿಸಿ, ಎಂಜಿನಿಯರಿಂಗ್ ಬೇಡ, ನರ್ಸಿಂಗ್ ಬೇಡ, ಬಿ.ಎಸ್ಸಿ. ಮಾಡಿ ಮುಂದೇನು ಎಂದು ಯೋಚಿಸುತ್ತಿರುವ ಹುಡುಗ ಹುಡುಗಿಯರಿಗೆ, ಅವರ ತಂದೆತಾಯಿಗೆ, ಸಲಹೆ ಕೊಡಬೇಕಾದ ಉಪನ್ಯಾಸಕರಿಗೆ ಈ ಬರಹ. ದಾರಿ ಉದ್ದವಾಗಿದೆ. ಪದವಿ, ಸ್ನಾತಕೋತ್ತರ ಪದವಿ, ನೇಮಕಾತಿ ಪರೀಕ್ಷೆ, ಅದಾದ ಮೇಲೆ ಪ್ರಯೋಗಾಲಯದಲ್ಲಿ ಹಿರಿಯರ ಕೈಕೆಳಗೆ ಕಲಿಕೆ. ಸ್ವತಂತ್ರವಾಗಿ ವರದಿಗೆ ಸಹಿ ಹಾಕುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ. ಆದರೂ ಇದು ನಮ್ಮ ಮಕ್ಕಳಿಗೆ ಎಟುಕದ ದಾರಿಯಲ್ಲ.

ಕೋವಿಯೂ ಒಂದು ಉಪಕರಣ

ಬಂದೂಕು ಮತ್ತು ಉಪಕರಣ ಎಂಬ ಎರಡನ್ನು ಒಂದೇ ವಿಭಾಗ ನೋಡುವುದೇಕೆ? ಗಟ್ಟಿ ಲೋಹ ಮೆತ್ತನೆಯ ಲೋಹಕ್ಕೆ ಒತ್ತಿದಾಗ ಅಥವಾ ಉಜ್ಜಿದಾಗ ತನ್ನ ಮೇಲ್ಮೈಯ ಗುರುತನ್ನು ಬಿಡುತ್ತದೆ. ಅಡಿಕೆ ದಾಸ್ತಾನಿನ ಕೊಠಡಿಯ ಬೀಗವನ್ನು ಹಾರೆಯಿಂದ ಮೀಟಿದರೆ ಹಾರೆಯ ತುದಿ ಬೀಗದ ಮೇಲೆ ಗೀರು ಬಿಡುತ್ತದೆ. ದೇವಸ್ಥಾನದ ಕಾಣಿಕೆ ಡಬ್ಬಿ ಒಡೆದ ಉಳಿಯಿಂದಲೂ, ಬೇಲಿಯ ತಂತಿ ಕತ್ತರಿಸಿದ ಕಟರಿನಿಂದಲೂ ಹೀಗೆಯೇ. ಕೋವಿಯ ಒಳಗೆ ನಡೆಯುವುದೂ ಇದೇ. ಉಕ್ಕಿನ ನಳಿಗೆ ಸೀಸದ ಗುಂಡಿನ ಮೈಯನ್ನು ಉಜ್ಜುತ್ತದೆ. ಫೈರಿಂಗ್ ಪಿನ್ ಹಿತ್ತಾಳೆಯ ತೋಟೆಯ ಹಿಂಬದಿಗೆ ಹೊಡೆದು ಗುಳಿ ಮಾಡುತ್ತದೆ. ಮದ್ದು ಉರಿದ ಒತ್ತಡಕ್ಕೆ ತೋಟೆ ಹಿಂದಕ್ಕೆ ಅಪ್ಪಳಿಸಿದಾಗ ಕೋವಿಯ ಹಿಂಗೋಡೆಯ ಅರದ ಗೆರೆಗಳು ಅದರ ಮೇಲೆ ಅಚ್ಚೊತ್ತುತ್ತವೆ. ಖಾಲಿ ತೋಟೆಯನ್ನು ಎಳೆದು ಹೊರಹಾಕುವ ಕೊಕ್ಕೆಯೂ ತನ್ನ ಗೀರು ಬಿಡುತ್ತದೆ. ಹೀಗೆ ನೋಡಿದರೆ ಒಂದು ಖಾಲಿ ತೋಟೆಯ ಮೇಲೆ ನಾಲ್ಕೈದು ಬೇರೆ ಬೇರೆ ಉಪಕರಣಗಳ ಗುರುತು ಕೂಡಿರುತ್ತದೆ.

ಇದನ್ನು ಅರಿಯಲು ಅಡುಗೆಮನೆಯೇ ಸಾಕು. ಬಾಯಿ ಅಲ್ಲಲ್ಲಿ ಮುಕ್ಕಾದ ಮೆಟ್ಟುಕತ್ತಿಯಲ್ಲಿ ಸುವರ್ಣಗಡ್ಡೆ ಹೆಚ್ಚಿದರೆ ಹೋಳಿನ ಮೈಮೇಲೆ ಸಮಾನಾಂತರ ಗೆರೆಗಳು ಮೂಡುತ್ತವೆ. ಅದೇ ಕತ್ತಿಯಲ್ಲಿ ಹೆಚ್ಚಿದ ಇನ್ನೊಂದು ಹೋಳಿನಲ್ಲೂ ಗೆರೆಗಳ ನಡುವಿನ ಅಂತರ ಅದೇ ಆಗಿರುತ್ತದೆ. ಪಕ್ಕದ ಮನೆಯ ಕತ್ತಿಯ ಮುಕ್ಕು ಬೇರೆ, ಅದರ ಗೆರೆ ಬೇರೆ. ಪ್ರಯೋಗಾಲಯದಲ್ಲಿ ಇದನ್ನೇ ಹೋಲಿಕೆ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಎರಡು ಸೂಕ್ಷ್ಮದರ್ಶಕಗಳನ್ನು ಒಂದು ಸೇತುವೆಯಿಂದ ಜೋಡಿಸಿದ ಯಂತ್ರ ಅದು. ಎಡಕ್ಕೆ ಘಟನಾ ಸ್ಥಳದ ವಸ್ತು, ಬಲಕ್ಕೆ ಪ್ರಯೋಗಾಲಯದಲ್ಲಿ ಹಾರಿಸಿ ಪಡೆದ ಮಾದರಿ. ನಡುವೆ ಒಂದು ಗೆರೆಯಿಟ್ಟು ಎರಡನ್ನೂ ಒಂದೇ ನೋಟದಲ್ಲಿ ಕಾಣಬಹುದು. 1920ರ ದಶಕದ ನಡುಭಾಗದಲ್ಲಿ ಅಮೆರಿಕದಲ್ಲಿ ಕ್ಯಾಲ್ವಿನ್ ಗೊಡ್ಡಾರ್ಡ್ ಮತ್ತು ಜೊತೆಗಾರರು ಈ ಯಂತ್ರವನ್ನು ಗುಂಡಿನ ಪರೀಕ್ಷೆಗೆ ಬಳಕೆಗೆ ತಂದರು. ಭಾರತದಲ್ಲಿ 1930ರಲ್ಲಿ ಕಲ್ಕತ್ತಾ ಪೊಲೀಸರು ಒಬ್ಬ ಶಸ್ತ್ರತಜ್ಞರನ್ನು ನೇಮಿಸಿ ಸಣ್ಣ ಪ್ರಯೋಗಾಲಯ ತೆರೆದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಹತ್ತಿರ ಹತ್ತಿರ ನೂರು ವರ್ಷವಾಗಿದೆ.

ಗುರುತುಗಳಲ್ಲಿ ಮೂರು ಬಗೆ. ಮೊದಲನೆಯದು ವರ್ಗದ ಗುರುತು: ಕೋವಿಯ ಬೋರ್ ಎಷ್ಟು, ರೈಫಲ್ ಆದರೆ ನಳಿಗೆಯ ಒಳಗಿನ ಸುರುಳಿ ತೋಡುಗಳೆಷ್ಟು, ಅವು ಎಡಕ್ಕೆ ತಿರುಗುತ್ತವೋ ಬಲಕ್ಕೋ. ಒಂದೇ ಮಾದರಿಯ ಸಾವಿರಾರು ಕೋವಿಗಳಲ್ಲಿ ಇವು ಒಂದೇ ಆಗಿರುತ್ತವೆ. ಕೊನೆಯದು ಆ ಒಂದೇ ಕೋವಿಗೆ ಸೇರಿದ ಗುರುತು: ಅರ ಹಾಕುವಾಗ, ಬಳಸುವಾಗ, ತುಕ್ಕು ಹಿಡಿದಾಗ ಯಾದೃಚ್ಛಿಕವಾಗಿ ಬಂದ ಸಣ್ಣ ಗೀರುಗಳು. ಇವೆರಡರ ನಡುವೆ ಉಪವರ್ಗದ ಗುರುತು ಎಂಬುದಿದೆ. ಕಲಿಯುವವರು ಎಡವುವುದು ಇಲ್ಲೇ. ಕಾರ್ಖಾನೆಯಲ್ಲಿ ಒಂದೇ ಕತ್ತರಿಸುವ ಉಪಕರಣ ಸಾಲಾಗಿ ಹತ್ತಾರು ಕೋವಿಗಳ ಭಾಗಗಳನ್ನು ಕೊರೆದಾಗ, ಆ ಉಪಕರಣದ ಮುಕ್ಕು ಅಷ್ಟರ ಮೇಲೂ ಒಂದೇ ಬಗೆಯ ಗೆರೆ ಮೂಡಿಸಬಹುದು. ಅದನ್ನು ಒಂದೇ ಕೋವಿಯ ಗುರುತೆಂದು ನಂಬಿದರೆ ನಿರಪರಾಧಿಯೊಬ್ಬ ಜೈಲಿಗೆ ಹೋಗಬಹುದು. ಲೋಹದ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಲೇತ್, ಡ್ರಿಲ್, ಅರ, ಬ್ರೋಚ್ ಯಾವ ಬಗೆಯ ಗೆರೆ ಬಿಡುತ್ತವೆ ಎಂಬುದು ಈ ವೃತ್ತಿಯ ಅಕ್ಷರಮಾಲೆ. ಪುತ್ತೂರಿನ ಯಾವುದಾದರೂ ಲೇತ್ ವರ್ಕ್‌ಶಾಪಿನಲ್ಲಿ ನಾಲ್ಕು ದಿನ ನಿಂತು ನೋಡಿದ ವಿದ್ಯಾರ್ಥಿ ಪುಸ್ತಕ ಮಾತ್ರ ಓದಿದವರಿಗಿಂತ ಮುಂದೆ ಇರುತ್ತಾನೆ ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮೂರ ಕೋವಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸಿನಿಮಾ ನೋಡಿ ಈ ವೃತ್ತಿಗೆ ಬರುವವರು ಗುಂಡನ್ನು ಯಂತ್ರದಡಿ ಇಟ್ಟರೆ ಕೋವಿಯ ಹೆಸರು ತಾನಾಗಿ ಬರುತ್ತದೆ ಎಂದುಕೊಂಡಿರುತ್ತಾರೆ. ನಮ್ಮ ಸೀಮೆಯ ಕೋವಿಗಳು ಆ ಭ್ರಮೆಯನ್ನು ಬೇಗ ಕಳೆಯುತ್ತವೆ. ತೋಟದ ಮನೆಗಳಲ್ಲಿ ಇರುವುದು ಬಹುಪಾಲು ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ 12 ಬೋರ್ ತೋಟೆ ಕೋವಿ, ಇಲ್ಲವೇ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. 12 ಬೋರ್ ಎಂಬುದು ಹಳೆಯ ಇಂಗ್ಲಿಷ್ ಅಳತೆ: ನಳಿಗೆಯ ಒಳಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಕ. ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಈ ನಳಿಗೆಗಳ ಒಳಮೈ ನುಣುಪು. ರೈಫಲಿನ ಸುರುಳಿ ತೋಡು ಇವುಗಳಲ್ಲಿ ಇಲ್ಲ. ಆದ್ದರಿಂದ ದೇಹದಲ್ಲೋ ಗೋಡೆಯಲ್ಲೋ ಸಿಕ್ಕ ಸೀಸದ ಕಾಳುಗಳನ್ನು ನೋಡಿ, ಇದು ಇಂಥ ಕೋವಿಯಿಂದಲೇ ಬಂದದ್ದು ಎಂದು ಸಾಮಾನ್ಯವಾಗಿ ಹೇಳಲಾಗದು.

ತೋಟೆ ಕೋವಿಯಲ್ಲಿ ಖಾಲಿ ತೋಟೆ ಸಿಕ್ಕರೆ ಕತೆ ಬದಲಾಗುತ್ತದೆ. ಪಿನ್ನಿನ ಗುಳಿಯ ಆಕಾರ, ಆಳ, ಅದು ನಡುವಿನಿಂದ ಎಷ್ಟು ಸರಿದಿದೆ, ಹಿಂಗೋಡೆಯ ಅಚ್ಚು, ಇವೆಲ್ಲ ಓದಲು ಸಿಗುತ್ತವೆ. ಜೋಡಿ ನಳಿಗೆಯಲ್ಲಿ ಎರಡೂ ಪಿನ್ನುಗಳು ಬೇರೆ ಬೇರೆಯಾಗಿರುವುದರಿಂದ ಯಾವ ನಳಿಗೆಯಿಂದ ಈಡು ಹೋಯಿತು ಎಂದೂ ಹೇಳಲು ಸಾಧ್ಯವಾಗುತ್ತದೆ. ಕೇಪಿನ ಕೋವಿಯಲ್ಲಿ ತೋಟೆಯೇ ಇಲ್ಲ. ಕುದುರೆಯ ಹೊಡೆತಕ್ಕೆ ಚಪ್ಪಟೆಯಾದ ಕೇಪು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ನಳಿಗೆಯ ಮಸಿ, ಗಾಯದಲ್ಲಿ ಸಿಕ್ಕ ತುರುಕು ಸಾಮಗ್ರಿ, ಕಾಳಿನ ತೂಕ ಮತ್ತು ಲೋಹ, ಇವುಗಳಿಂದ ಆದಷ್ಟು ಹೇಳಬೇಕು. ಗಂಧಕ, ಇದ್ದಿಲು, ಪೆಟ್ಲುಪ್ಪಿನ ಕಪ್ಪು ಮದ್ದು ಉರಿದರೆ ಬಿಡುವ ಮಸಿಯೇ ಬೇರೆ, ಹೊಗೆಯಿಲ್ಲದ ಮದ್ದಿನ ಶೇಷವೇ ಬೇರೆ.

ಆದರೆ ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಕ್ಕೆ ಹೆಚ್ಚಾಗಿ ಬೇಕಾಗುವುದು ಬೇರೆ ಪ್ರಶ್ನೆಗಳಿಗೆ ಉತ್ತರ. ಎಷ್ಟು ದೂರದಿಂದ ಹಾರಿತು? ಕೈತಪ್ಪಿ ಹಾರಿತೇ? ಕೋವಿ ಕೆಳಗೆ ಬಿದ್ದರೆ ತಾನೇ ಸಿಡಿಯುವಂತಿದೆಯೇ? ಹಂದಿಗೆಂದು ಹೋದವರ ನಡುವೆ ಒಬ್ಬರಿಗೆ ಈಡು ತಗಲಿದಾಗ ಅದು ಅಪಘಾತವೋ ಕೊಲೆಯೋ ಎಂಬುದು ಈ ಉತ್ತರಗಳ ಮೇಲೆ ನಿಲ್ಲುತ್ತದೆ. ಕಾಳುಗಳು ಹರಡುವ ಅಗಲ ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಒಂದು ಗಜಕ್ಕೆ ಸುಮಾರು ಒಂದು ಅಂಗುಲ ಎಂಬುದು ಹಳೆಯ ಲೆಕ್ಕ. ಪರೀಕ್ಷಕರು ಆ ಲೆಕ್ಕವನ್ನು ನೆಚ್ಚಿ ವರದಿ ಬರೆಯುವಂತಿಲ್ಲ. ಅದೇ ಕೋವಿ, ಅದೇ ಬಗೆಯ ತೋಟೆ ಬಳಸಿ ಬೇರೆ ಬೇರೆ ದೂರದಿಂದ ಬಟ್ಟೆಗೆ, ರಟ್ಟಿಗೆ ಹಾರಿಸಿ ನೋಡಿಯೇ ಹೇಳಬೇಕು. ಟ್ರಿಗರ್ ಎಳೆಯಲು ಎಷ್ಟು ತೂಕ ಬೇಕು ಎಂದು ಅಳೆಯಬೇಕು, ಸುರಕ್ಷಾ ಕೀಲಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕು. ತಂದೆಯ ಕೋವಿಯ ಕುದುರೆ ಸಡಿಲವಾಗಿತ್ತು ಎಂಬ ಒಂದು ವಾಕ್ಯ ಒಂದು ಮನೆಯ ಬದುಕನ್ನೇ ಉಳಿಸಬಹುದು. ಅದಕ್ಕಾಗಿಯೇ ಈ ವೃತ್ತಿಯಲ್ಲಿ ನಮ್ಮ ಕೋವಿಗಳನ್ನು ಬಲ್ಲವರು ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಧಾರವಾಡದಿಂದ ಬೆಂಗಳೂರಿಗೆ

ಈ ವಿದ್ಯೆಯ ಬಲ ಏನೆಂದು ಕನ್ನಡನಾಡು ಕಂಡದ್ದು ನೋವಿನ ಸಂದರ್ಭದಲ್ಲಿ. 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿ ನಗರದ ಅವರ ಮನೆಯ ಮುಂದೆ ಕೊಲ್ಲಲಾಯಿತು. ಎರಡು ಊರು, ಎರಡು ವರ್ಷಗಳ ಅಂತರ, ಬೇರೆ ಬೇರೆ ತನಿಖಾ ತಂಡ. ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಎರಡೂ ಸ್ಥಳಗಳ ಗುಂಡು ಮತ್ತು ಖಾಲಿ ತೋಟೆಗಳನ್ನು ಹೋಲಿಸಿ ನೋಡಿದಾಗ, ಅವು ಒಂದೇ 7.65 ಮಿಲಿಮೀಟರ್ ನಾಡಪಿಸ್ತೂಲಿನಿಂದ ಹಾರಿದವು ಎಂದು ವರದಿ ಹೇಳಿತು. ವಿಶೇಷ ತನಿಖಾ ದಳ ಆ ವರದಿಯನ್ನು ಆಧಾರವಾಗಿ ಬಳಸಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಒಂದಿದೆ. ಹೋಲಿಕೆ ನಡೆದಾಗ ಪಿಸ್ತೂಲು ಯಾರ ಮೇಜಿನ ಮೇಲೂ ಇರಲಿಲ್ಲ. ಆಯುಧವೇ ಇಲ್ಲದೆ, ಎರಡು ಸ್ಥಳಗಳಲ್ಲಿ ಉಳಿದ ಲೋಹದ ಚೂರುಗಳೇ ಒಂದನ್ನೊಂದು ಗುರುತಿಸಿದವು. ಹಳೆಯ ಪ್ರಕರಣದ ತೋಟೆಗಳನ್ನು ಸರಿಯಾಗಿ ಸೀಲು ಮಾಡಿ, ಮಹಜರಿನಲ್ಲಿ ದಾಖಲಿಸಿ, ಗುರುತು ಅಳಿಯದಂತೆ ಕಾದಿರಿಸಿದ್ದರಿಂದ ಇದು ಸಾಧ್ಯವಾಯಿತು. ವರದಿ ಹೇಳುವುದು ಪಿಸ್ತೂಲಿನ ಬಗ್ಗೆ ಮಾತ್ರ. ಅದನ್ನು ಹಿಡಿದ ಕೈ ಯಾರದು ಎಂಬುದನ್ನು ಬೇರೆ ಸಾಕ್ಷ್ಯಗಳು ಹೇಳಬೇಕು, ತೀರ್ಮಾನ ನ್ಯಾಯಾಲಯದ್ದು. ಈ ಗೆರೆಯನ್ನು ದಾಟದಿರುವುದನ್ನೂ ಪರೀಕ್ಷಕರು ಕಲಿಯಬೇಕು.

ನಾಡಕೋವಿಯ ಗುರುತು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಹೊಸದಲ್ಲ. 1950ರ ದಶಕದಲ್ಲೇ, ಉತ್ತರ ಪ್ರದೇಶದ ಕಲುವಾ ಪ್ರಕರಣದಲ್ಲಿ, ಸ್ಥಳದಲ್ಲಿ ಸಿಕ್ಕ ಖಾಲಿ ತೋಟೆಯನ್ನು ಪರೀಕ್ಷೆಗೆ ಹಾರಿಸಿದ ತೋಟೆಗಳ ಜೊತೆ ಹೋಲಿಸಿ ತಜ್ಞರು ಕೊಟ್ಟ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ ಒಪ್ಪಿತ್ತು. ಕಾನೂನು ಓದುವ ಗೆಳೆಯರಿದ್ದರೆ ಆ ತೀರ್ಪನ್ನು ತರಿಸಿಕೊಂಡು ಓದಿ. ಸೂಕ್ಷ್ಮದರ್ಶಕದ ಚಿತ್ರಗಳು ನ್ಯಾಯಾಧೀಶರ ಮುಂದೆ ಹೇಗೆ ಮಾತಾಡುತ್ತವೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಪ್ರಯೋಗಾಲಯದ ಒಳಗಿನ ಕಲಿಕೆ

ಎಂ.ಎಸ್ಸಿ. ಪದವಿ ಕೈಗೆ ಬಂದ ಕೂಡಲೇ ಯಾರೂ ಪರೀಕ್ಷಕರಾಗುವುದಿಲ್ಲ. ಜಗತ್ತಿನ ಬಹುತೇಕ ಪ್ರಯೋಗಾಲಯಗಳಲ್ಲಿ ಹೊಸಬರು ಸುಮಾರು ಎರಡು ವರ್ಷ ಹಿರಿಯರ ಕಣ್ಣಿನ ಕೆಳಗೆ ಕಲಿಯುತ್ತಾರೆ. 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಫ್ಟೆ ಎಂಬ ಪರೀಕ್ಷಕರ ಸಂಘ ರೂಪಿಸಿದ ತರಬೇತಿ ಕ್ರಮವನ್ನು ಅನೇಕ ದೇಶಗಳವರು ನೋಡುತ್ತಾರೆ. ಮೊದಲಿಗೆ ಕಲಿಯುವುದು ಹೋಲಿಕೆಯನ್ನಲ್ಲ, ಸುರಕ್ಷತೆಯನ್ನು. ಬಂದ ಪ್ರತಿ ಕೋವಿಯನ್ನೂ ತುಂಬಿದ ಕೋವಿಯೆಂದೇ ತಿಳಿದು ಹಿಡಿಯುವುದು, ನಳಿಗೆಯ ದಿಕ್ಕು ಎಂದೂ ಮನುಷ್ಯರತ್ತ ತಿರುಗದಂತೆ ನೋಡುವುದು, ತುಕ್ಕು ಹಿಡಿದ ನಾಡಕೋವಿಯನ್ನು ಕೈಯಲ್ಲಿ ಹಿಡಿದು ಹಾರಿಸದೆ ಚೌಕಟ್ಟಿಗೆ ಕಟ್ಟಿ ದೂರದಿಂದ ಹಾರಿಸುವುದು.

ಆಮೇಲೆ ಸೀಲು ಒಡೆಯುವ ಶಿಸ್ತು. ಠಾಣೆಯಿಂದ ಬಂದ ಕವರಿನ ಸೀಲು ಮಹಜರಿನ ಮಾದರಿ ಸೀಲಿಗೆ ಹೊಂದುತ್ತದೆಯೇ, ಒಳಗಿನ ವಸ್ತು ಪತ್ರದಲ್ಲಿ ಬರೆದ ವಿವರಕ್ಕೆ ಹೊಂದುತ್ತದೆಯೇ ಎಂದು ನೋಡಿ ಟಿಪ್ಪಣಿ ಮಾಡಬೇಕು. ನಳಿಗೆಯೊಳಗೆ ಪೆನ್ಸಿಲೋ ಕಡ್ಡಿಯೋ ತೂರಿಸಿ ಕೋವಿ ಎತ್ತಬಾರದು. ಲೋಹದ ಚಿಮಟದಲ್ಲಿ ಗುಂಡನ್ನು ಒತ್ತಿ ಹಿಡಿಯಬಾರದು. ಎರಡು ಖಾಲಿ ತೋಟೆಗಳನ್ನು ಒಂದೇ ಡಬ್ಬಿಯಲ್ಲಿ ಹಾಕಬಾರದು. ಶಂಕಿತ ಹಾರೆಯ ತುದಿಯನ್ನು ಬೀಗದ ಗುರುತಿನೊಳಗೆ ಕೂರಿಸಿ ಸರಿಹೋಗುತ್ತದೆಯೇ ಎಂದು ನೋಡುವುದಂತೂ ದೊಡ್ಡ ಅಪರಾಧ. ಹಾಗೆ ಮಾಡಿದ ಕ್ಷಣಕ್ಕೆ ಹಳೆಯ ಗುರುತು ಹಾಳಾಯಿತು, ಹೊಸದೊಂದು ಸೇರಿತು. ಗುರುತು ಇರುವ ವಸ್ತುವನ್ನು ತರಲಾಗದಿದ್ದರೆ ಸಿಲಿಕೋನ್ ಅಚ್ಚು ತೆಗೆಯುತ್ತಾರೆ. ಉಪಕರಣದಿಂದ ಮಾದರಿ ಗುರುತು ಮಾಡುವಾಗ ಮೊದಲು ಸೀಸದ ತಗಡಿನ ಮೇಲೆ ಮಾಡುತ್ತಾರೆ, ಉಪಕರಣದ ಬಾಯಿ ಕೆಡಬಾರದೆಂದು. ಪರೀಕ್ಷೆಗೆ ಹಾರಿಸಿದ ಗುಂಡನ್ನು ನೀರಿನ ತೊಟ್ಟಿಯಲ್ಲಿ ಅಥವಾ ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ಹಿಡಿಯುತ್ತಾರೆ.

ಮಸಿಯ ಪರೀಕ್ಷೆ ಇದೇ ವಿಭಾಗದ ನೆರೆಮನೆ. ಗುಂಡು ಹಾರಿಸಿದ ಕೈಮೇಲೆ ಕೂರುವ ಕಣಗಳಲ್ಲಿ ಸೀಸ, ಬೇರಿಯಂ, ಆಂಟಿಮನಿ ಒಂದೇ ಕಣದಲ್ಲಿ ಬೆರೆತಿವೆಯೇ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡುತ್ತದೆ. ಬಟ್ಟೆಯ ಮೇಲಿನ ಸೀಸಕ್ಕೆ, ನೈಟ್ರೈಟಿಗೆ ಬಣ್ಣ ಬರಿಸುವ ರಾಸಾಯನಿಕ ಪರೀಕ್ಷೆಗಳಿವೆ. ಇಲ್ಲಿ ರಸಾಯನಶಾಸ್ತ್ರ ಕೈಹಿಡಿಯುತ್ತದೆ.

ಎಲ್ಲಕ್ಕಿಂತ ನಿಧಾನವಾಗಿ ಬರುವುದು ಕಣ್ಣಿನ ಪಳಗಿಕೆ. ಮೊದಲ ತಿಂಗಳುಗಳಲ್ಲಿ ಎಲ್ಲ ಗೆರೆಯೂ ಹೊಂದಿದಂತೆ ಕಾಣುತ್ತದೆ. ಅದಕ್ಕೆ ಕಾರಣವಿದೆ. 1959ರಲ್ಲಿ ಆಲ್ಫ್ರೆಡ್ ಬಯಸೊಟ್ಟಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಬೇರೆ ಬೇರೆ ರಿವಾಲ್ವರುಗಳಿಂದ ಹಾರಿದ ಗುಂಡುಗಳಲ್ಲೂ ನೂರಕ್ಕೆ 15ರಿಂದ 20ರಷ್ಟು ಗೆರೆಗಳು ಹೊಂದಿದಂತೆ ಕಂಡವು. ಒಂದೇ ರಿವಾಲ್ವರಿನಿಂದ ಹಾರಿದ ಸೀಸದ ಗುಂಡುಗಳಲ್ಲಿ ಹೊಂದಿದ್ದು ನೂರಕ್ಕೆ 40ನ್ನೂ ಮುಟ್ಟಲಿಲ್ಲ. ಹೊಂದಿದ ಗೆರೆಗಳ ಒಟ್ಟು ಲೆಕ್ಕಕ್ಕಿಂತ, ಪಕ್ಕಪಕ್ಕದ ಗೆರೆಗಳು ಬಿಡದೆ ಸಾಲಾಗಿ ಹೊಂದುತ್ತವೆಯೇ ಎಂಬುದು ಮುಖ್ಯ ಎಂದು ಆ ಕೆಲಸ ತೋರಿಸಿತು. ತರಬೇತಿಯಲ್ಲಿ ಒಂದೇ ಯಂತ್ರದಲ್ಲಿ ಒಂದರ ಹಿಂದೊಂದು ತಯಾರಾದ ನಳಿಗೆಗಳ ಗುಂಡುಗಳನ್ನು ಬೇಕೆಂದೇ ಕಲಿಯುವವರ ಮುಂದಿಡುತ್ತಾರೆ. ಅತಿ ಹೋಲುವ, ಆದರೂ ಒಂದಲ್ಲದ ಗುರುತುಗಳನ್ನು ಸಾಕಷ್ಟು ನೋಡದ ಕಣ್ಣು ಸಹಿ ಹಾಕಲು ಯೋಗ್ಯವಲ್ಲ.

ಇಲ್ಲಿ ಉತ್ತರ ಹೌದು, ಅಲ್ಲ ಎಂಬ ಎರಡೇ ಅಲ್ಲ. ನಿರ್ಣಯಕ್ಕೆ ಬರಲಾಗದು ಎಂಬುದೂ ಗೌರವದ ಉತ್ತರ. ಹೋಲಿಕೆಗೆ ಯೋಗ್ಯವಲ್ಲ ಎಂಬುದು ಇನ್ನೊಂದು. ಕಲ್ಲಿಗೆ ಬಡಿದು ಚಪ್ಪಟೆಯಾದ ಗುಂಡಿನ ಮುಂದೆ, ತನಿಖಾಧಿಕಾರಿ ಎಷ್ಟು ಬಾರಿ ಫೋನು ಮಾಡಿದರೂ, ಹೇಳಲಾಗದು ಎಂದು ಬರೆಯುವ ಧೈರ್ಯ ಬೇಕು. ಆ ಧೈರ್ಯವಿಲ್ಲದವರು ದಯವಿಟ್ಟು ಬೇರೆ ವೃತ್ತಿ ಆರಿಸಿಕೊಳ್ಳಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2009ರಲ್ಲಿ, ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿ 2016ರಲ್ಲಿ ಕೊಟ್ಟ ವರದಿಗಳು ಈ ವಿದ್ಯೆಯನ್ನು ಕಟುವಾಗಿಯೇ ಪ್ರಶ್ನಿಸಿದವು: ಪರೀಕ್ಷಕರು ತಪ್ಪುವ ಪ್ರಮಾಣವೆಷ್ಟು ಎಂದು ಅಳೆದಿದ್ದೀರಾ, ತೀರ್ಮಾನ ವ್ಯಕ್ತಿಯ ಅನಿಸಿಕೆಗೆ ಎಷ್ಟು ಅಂಟಿಕೊಂಡಿದೆ, ಜಗತ್ತಿನ ಬೇರೆ ಯಾವ ಕೋವಿಯೂ ಅಲ್ಲ ಎಂದು ಹೇಳಲು ಆಧಾರವೇನು. ಈಗ ಈ ವೃತ್ತಿಗೆ ಬರುವವರು ಆ ಪ್ರಶ್ನೆಗಳನ್ನು ವೈರಿಯ ಮಾತೆಂದು ತಳ್ಳದೆ ಪಠ್ಯದಂತೆ ಓದಬೇಕು. ಗೆರೆಯ ಆಳವನ್ನು ಮೂರು ಆಯಾಮದಲ್ಲಿ ಅಳೆದು ಸಂಖ್ಯೆಯಲ್ಲಿ ಹೇಳುವ ಯಂತ್ರಗಳು ಬರುತ್ತಿವೆ. ಸಂಖ್ಯಾಶಾಸ್ತ್ರ ಬಲ್ಲ ಹೊಸಬರಿಗೆ ಇಲ್ಲಿ ದೊಡ್ಡ ಕೆಲಸ ಕಾದಿದೆ.

ಪುತ್ತೂರಿನಿಂದ ಹೊರಡುವ ದಾರಿ

ದಾರಿಯ ಮೊದಲ ತಿರುವು ಪದವಿಯಲ್ಲಿ ಯಾವ ವಿಷಯ ತೆಗೆದುಕೊಳ್ಳುತ್ತೀರಿ ಎಂಬುದು. ವಿಧಿವಿಜ್ಞಾನ ಎಂಬ ಹೆಸರಿನ ಪದವಿಯೇ ಬೇಕು ಎಂದು ಅನೇಕರು ತಿಳಿದಿದ್ದಾರೆ. ಕೇಂದ್ರ ಪ್ರಯೋಗಾಲಯಗಳ ಬ್ಯಾಲಿಸ್ಟಿಕ್ಸ್ ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗ ಕರೆದಾಗ ಭೌತಶಾಸ್ತ್ರದ ಎಂ.ಎಸ್ಸಿ. ಆದವರಿಗೂ, ವಿಧಿವಿಜ್ಞಾನದ ಎಂ.ಎಸ್ಸಿ. ಆದವರಿಗೂ ಅವಕಾಶ ಇರುವುದು ರೂಢಿ. ಆದರೆ ವಿಧಿವಿಜ್ಞಾನದವರು ಪದವಿಯಲ್ಲಿ ಭೌತಶಾಸ್ತ್ರವನ್ನೋ ಗಣಿತವನ್ನೋ ಓದಿರಬೇಕು ಎಂಬ ಷರತ್ತು ಅಲ್ಲಿ ಬರುತ್ತದೆ. ಆದ್ದರಿಂದ ಭೌತಶಾಸ್ತ್ರವನ್ನು ಕೈಬಿಡಬೇಡಿ. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಡುವುದಾದರೆ ಅದನ್ನೇ ನೆನಪಿಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಸಾದಾ ಬಿ.ಎಸ್ಸಿ. ಅತ್ಯಂತ ಭದ್ರವಾದ ಮೆಟ್ಟಿಲು. ಅದಕ್ಕೆ ಊರು ಬಿಡಬೇಕಾಗಿಲ್ಲ. ಪುತ್ತೂರಿನಲ್ಲಿ 1958ರಿಂದ ಸಂತ ಫಿಲೋಮಿನಾ ಕಾಲೇಜು, 1965ರಿಂದ ವಿವೇಕಾನಂದ ಕಾಲೇಜು ನಡೆಯುತ್ತಿವೆ. ಸುಳ್ಯದಲ್ಲಿ ನೆಹರೂ ಮೆಮೋರಿಯಲ್ ಕಾಲೇಜು, ಕಡಬ ತಾಲ್ಲೂಕಿನವರಿಗೆ ಸುಬ್ರಹ್ಮಣ್ಯದ ಕುಕ್ಕೆ ಸುಬ್ರಹ್ಮಣ್ಯೇಶ್ವರ ಕಾಲೇಜು ಇವೆ. ಯಾವ ವಿಷಯಗಳ ಜೋಡಣೆ ಈ ವರ್ಷ ಇದೆ ಎಂದು ಕಾಲೇಜಿನ ಕಚೇರಿಯಲ್ಲೇ ಕೇಳಿ ನಿರ್ಧರಿಸಿ.

ಸ್ನಾತಕೋತ್ತರಕ್ಕೆ ಎರಡು ಕವಲು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಂಥ ಕಡೆ ಭೌತಶಾಸ್ತ್ರದ ಎಂ.ಎಸ್ಸಿ. ಮಾಡುವುದು ಒಂದು. ವಿಧಿವಿಜ್ಞಾನದ ಕೆಲಸ ಸಿಗದಿದ್ದರೂ ಅಧ್ಯಾಪನ, ಸಂಶೋಧನೆಯ ಬಾಗಿಲು ಅದರಲ್ಲಿ ತೆರೆದಿರುತ್ತದೆ. ಮನೆಯಲ್ಲಿ ಹಣದ ಅನುಕೂಲ ಕಡಿಮೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೊಂದು, ನೇರವಾಗಿ ವಿಧಿವಿಜ್ಞಾನದ ಎಂ.ಎಸ್ಸಿ. ಮಂಗಳೂರಿನ ರೋಶನಿ ನಿಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಅಧ್ಯಯನಕ್ಕೆ ಹಳೆಯ ಹೆಸರಿದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರ ಸಂಸತ್ ಕಾಯ್ದೆಯಿಂದ ರಾಷ್ಟ್ರಮಟ್ಟದ ಸಂಸ್ಥೆಯಾಯಿತು. ಅದರ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಪ್ರವೇಶಕ್ಕೆ ಆ ವಿಶ್ವವಿದ್ಯಾಲಯದ್ದೇ ಪರೀಕ್ಷೆ ಇದೆ. ಖಾಸಗಿ ವಿಶ್ವವಿದ್ಯಾಲಯಗಳು ವಿಧಿವಿಜ್ಞಾನದ ಪದವಿಯನ್ನು ಆಕರ್ಷಕವಾಗಿ ಜಾಹೀರಾತು ಮಾಡುತ್ತವೆ. ಸೇರುವ ಮೊದಲು ಹೋಗಿ ನೋಡಿ: ಹೋಲಿಕೆ ಸೂಕ್ಷ್ಮದರ್ಶಕ ಇದೆಯೇ, ವಿದ್ಯಾರ್ಥಿಗಳ ಕೈಗೆ ಅದು ಸಿಗುತ್ತದೆಯೇ, ಸರ್ಕಾರಿ ಪ್ರಯೋಗಾಲಯದಲ್ಲಿ ಇಂಟರ್ನ್‌ಷಿಪ್ ಕೊಡಿಸುತ್ತಾರೆಯೇ. ಗಾಜಿನ ಪೆಟ್ಟಿಗೆಯಲ್ಲಿ ಆಟಿಕೆ ಪಿಸ್ತೂಲು ಇಟ್ಟು ಪ್ರಯೋಗಾಲಯ ಎನ್ನುವ ಕಡೆ ಶುಲ್ಕ ಕಟ್ಟಬೇಡಿ.

ವಿಧಿವೈದ್ಯಶಾಸ್ತ್ರ ಇದಲ್ಲ ಎಂಬುದನ್ನೂ ತಿಳಿದಿರಿ. ಗುಂಡೇಟಿನ ಶವದ ಮರಣೋತ್ತರ ಪರೀಕ್ಷೆ ಮಾಡಿ ಗಾಯದ ಬಗ್ಗೆ ಹೇಳುವವರು ವೈದ್ಯರು, ಅದಕ್ಕೆ ಎಂ.ಬಿ.ಬಿ.ಎಸ್., ಎಂ.ಡಿ. ಬೇಕು. ಅವರು ದೇಹದಿಂದ ತೆಗೆದ ಗುಂಡು ಸೀಲಾಗಿ ಬರುವುದು ಈ ಪರೀಕ್ಷಕರ ಮೇಜಿಗೆ.

ಕೆಲಸ ಇರುವುದು ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ, ಮಂಗಳೂರು ಸೇರಿದಂತೆ ಅದರ ಪ್ರಾದೇಶಿಕ ಪ್ರಯೋಗಾಲಯಗಳು, ಹೈದರಾಬಾದ್, ಪುಣೆ, ಚಂಡೀಗಢ, ಕೋಲ್ಕತ್ತ, ಭೋಪಾಲ್, ಗುವಾಹಟಿಯ ಕೇಂದ್ರ ಪ್ರಯೋಗಾಲಯಗಳು, ದೆಹಲಿಯ ಸಿಬಿಐ ಪ್ರಯೋಗಾಲಯ ಮುಂತಾದ ಕಡೆ. ಕರ್ನಾಟಕ ಪೊಲೀಸ್ ಇಲಾಖೆ ಅಪರಾಧ ಸ್ಥಳ ಪರಿಶೀಲನೆಗೆಂದೇ ಸೋಕೋ ಅಧಿಕಾರಿಗಳ ಹುದ್ದೆಗಳನ್ನೂ ಸೃಷ್ಟಿಸಿದೆ. ಅಲ್ಲಿ ಸೇರಿದವರಿಗೆ ಸಾಕ್ಷ್ಯ ಎತ್ತುವ ಕೈಪಳಗಿಕೆ ಬರುತ್ತದೆ. ಮುಂದೆ ಪ್ರಯೋಗಾಲಯಕ್ಕೆ ಹೋಗಲು ಬಯಸುವವರಿಗೆ ಇದು ಒಳ್ಳೆಯ ಆರಂಭ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ರಾಜ್ಯಗಳು ಇದನ್ನು ಜಾರಿಗೊಳಿಸಲು ಐದು ವರ್ಷದ ಅವಧಿ ಇದೆ. ಸುಬ್ರಹ್ಮಣ್ಯದ ಕಾಡಂಚಿನ ಒಂದು ಮನೆಗೂ ಆ ತಜ್ಞರು ಬರಬೇಕಾದರೆ ಈಗ ಇರುವ ಜನ ಸಾಲದು.

ಸಹಿ ಹಾಕಿದವರು ಸಾಕ್ಷಿಕಟ್ಟೆಗೂ ಹೋಗಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಡುತ್ತದೆ. ಕೆಲವು ಹುದ್ದೆಗಳ ಸರ್ಕಾರಿ ತಜ್ಞರ ವರದಿಯನ್ನು ಅವರು ಬಾರದೆಯೂ ಸಾಕ್ಷ್ಯವಾಗಿ ಬಳಸಬಹುದಾದರೂ, ನ್ಯಾಯಾಲಯ ಕರೆದರೆ ಹೋಗಿ ವಿವರಿಸಬೇಕು. ಪಾಟೀ ಸವಾಲಿನಲ್ಲಿ ವಕೀಲರು ಕೇಳುವುದು ಸರಳ ಪ್ರಶ್ನೆಗಳನ್ನು: ನೀವು ಎಷ್ಟು ತೋಟೆ ಹಾರಿಸಿ ನೋಡಿದಿರಿ? ಹೊಂದದ ಗೆರೆಗಳೂ ಇದ್ದವಲ್ಲ, ಅವನ್ನು ಏಕೆ ಬರೆಯಲಿಲ್ಲ? ಇದನ್ನು ಬೇರೊಬ್ಬ ಪರೀಕ್ಷಕರು ಮತ್ತೆ ನೋಡಿದ್ದಾರೆಯೇ? ಪುತ್ತೂರಿನ ನ್ಯಾಯಾಲಯದಲ್ಲಿ ಈ ಪ್ರಶ್ನೆ ಕನ್ನಡದಲ್ಲೇ ಬರಬಹುದು. ಕನ್ನಡದಲ್ಲಿ ಓದಿ ಬೆಳೆದವರಿಗೆ ಇಲ್ಲಿ ಒಂದು ಅನುಕೂಲವಿದೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಟಕಟೆಯಲ್ಲಿ ನಿಂತ ಆರೋಪಿಗೂ ತಿಳಿಯುವಂತೆ ಹೇಳಬಲ್ಲರು.

ಓದಲು ಇಂಗ್ಲಿಷ್ ಪುಸ್ತಕಗಳೇ ಗತಿ. ಭಾರತದ ನ್ಯಾಯಾಲಯಗಳ ಹಿನ್ನೆಲೆಗೆ ಬಿ.ಆರ್. ಶರ್ಮ ಅವರ ಬಂದೂಕು ಮತ್ತು ಅಪರಾಧ ತನಿಖೆಯ ಗ್ರಂಥ, ಕೋವಿಯ ಯಂತ್ರ ಮತ್ತು ಮದ್ದಿನ ತಿಳಿವಿಗೆ ಬ್ರಯಾನ್ ಹೇರ್ಡ್ ಅವರ ಕೈಪಿಡಿ ಒಳ್ಳೆಯವು. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ವಿಧಿವಿಜ್ಞಾನ ಒಂದು ವಿಷಯ; ಅದಕ್ಕೆ ತಯಾರಿ ಮಾಡಿದರೆ ನೇಮಕಾತಿ ಪರೀಕ್ಷೆಗೂ ಅರ್ಧ ತಯಾರಿ ಆದಂತೆ. ಮನೆಯಲ್ಲಿ ಪರವಾನಗಿಯ ಕೋವಿ ಇದ್ದರೂ ಕಲಿಕೆಯ ನೆಪದಲ್ಲಿ ಅದನ್ನು ಬಿಚ್ಚಲು ಹೋಗಬೇಡಿ, ಕಾಡಿನಲ್ಲಿ ಸಿಕ್ಕ ತೋಟೆ ಹೆಕ್ಕಿ ತರಬೇಡಿ. ಶಸ್ತ್ರ ಕಾಯ್ದೆಯಲ್ಲಿ ಕೋವಿ ಹೊಂದಲು 21 ವರ್ಷ ತುಂಬಿರಬೇಕು, ಪರವಾನಗಿ ಇರುವುದು ಹೆಸರಿದ್ದವರಿಗೆ. ಒಂದು ಎಫ್‌ಐಆರ್ ದಾಖಲಾದರೆ ಸರ್ಕಾರಿ ಪ್ರಯೋಗಾಲಯದ ಬಾಗಿಲು ಮುಚ್ಚಿಹೋಗಬಹುದು. ಗೀರುಗಳನ್ನು ನೋಡುವ ಅಭ್ಯಾಸಕ್ಕೆ ಹಳೆಯ ಬೀಗ, ಸ್ಕ್ರೂಡ್ರೈವರ್, ತಾಮ್ರದ ತಂತಿ, ಒಂದು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಸಾಕು. ಒಂದೇ ಅಂಗಡಿಯಲ್ಲಿ ಒಂದೇ ಕಂಪನಿಯ ಎರಡು ಸ್ಕ್ರೂಡ್ರೈವರ್ ಕೊಂಡು, ಸೀಸದ ಅಥವಾ ಮೇಣದ ಮೇಲೆ ಎರಡರಿಂದಲೂ ಗೀರಿ, ಯಾವುದು ಯಾವುದರದ್ದು ಎಂದು ಗೆಳೆಯರ ಕೈಯಲ್ಲಿ ಕಲಸಿ ಇಡಿಸಿ, ಗುರುತಿಸಲು ಯತ್ನಿಸಿ. ಉಪಕರಣವನ್ನು ಹಿಡಿಯುವ ಕೋನ ಸ್ವಲ್ಪ ಬದಲಾದರೂ ಗೆರೆ ಹೇಗೆ ಬದಲಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಿ, ದಿನಾಂಕ ಹಾಕಿ ಬರೆದಿಡಿ. ತಪ್ಪಾಗಿ ಗುರುತಿಸಿದವನ್ನೂ ಹೊಡೆದು ಹಾಕದೆ ಉಳಿಸಿಕೊಳ್ಳಿ. ಪ್ರಯೋಗಾಲಯದಲ್ಲಿ ಟಿಪ್ಪಣಿ ಪುಸ್ತಕ ಇಡುವ ಕ್ರಮವೂ ಅದೇ.